ತೂಕ ಇಳಿಸಿದ ಕಥೆ ಹಂಚಿಕೊಳ್ಳುತ್ತೀರಾ? ಚುಚ್ಚು ಮಾತಿಗೆ ಮೊದಲೇ ತಯಾರಾಗಿ

ದಪ್ಪ ಇದ್ದಾಗ "ಯಾವ ಅಂಗಡಿ ಅಕ್ಕಿ ತಿಂತೀಯಮ್ಮಾ?" ಅಂತ ಕಿಚಾಯಿಸಿದವರೇ, ಹತ್ತು ಕೆಜಿ ಇಳಿಸಿ ಫೋಟೊ ಹಾಕಿದ ದಿನ "ಏನಿದು, ಶುಗರ್ ಬಂತಾ?" ಅಂತ ಕೇಳುತ್ತಾರೆ. ಪರಿಚಯವೇ ಇಲ್ಲದವರು ಇನ್ನೂ ಒಂದು ಹೆಜ್ಜೆ ಮುಂದೆ. "ಎಲ್ಲಾ ಇಂಜೆಕ್ಷನ್ ಮಹಿಮೆ", "ಎಡಿಟ್ ಮಾಡಿರೋ ಫೋಟೊ", "ಮುಂಚೇನೇ ಚೆನ್ನಾಗಿದ್ದೆ, ಈಗ ಒಣಗಿದ ನುಗ್ಗೆಕಾಯಿ". 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ. 30ರಷ್ಟು ಹೆಂಗಸರ ತೂಕ ಇರಬೇಕಾದ್ದಕ್ಕಿಂತ ಜಾಸ್ತಿ. ಗಂಡಸರ ಲೆಕ್ಕವೂ ಹೆಚ್ಚೂಕಮ್ಮಿ ಅಷ್ಟೇ. ಹಾಗಾಗಿ ನಿಮ್ಮ ಕಥೆ ಓದೋಕೆ ಜನ ಇದ್ದೇ ಇದ್ದಾರೆ. ಬೈಯೋಕೂ ಇದ್ದಾರೆ.

ಬೈಗುಳ ಪೂರ್ತಿ ನಿಲ್ಲಿಸೋಕೆ ಯಾರಿಂದಲೂ ಆಗಲ್ಲ. ಆದರೆ ಯಾರದೋ ಮಾತು ನಿಮ್ಮ ಊಟದ ತಟ್ಟೆವರೆಗೆ ಬರದ ಹಾಗೆ ನೋಡಿಕೊಳ್ಳಬಹುದು. ಕಾಮೆಂಟ್ ಓದಿ ರಾತ್ರಿ ಊಟ ಬಿಟ್ಟಿರಾ? ಅದೇ ಬೇಜಾರಿಗೆ ಒಂದು ಪ್ಯಾಕೆಟ್ ಕೋಡುಬಳೆ ಖಾಲಿ ಮಾಡಿದಿರಾ? ಬೆಳಿಗ್ಗೆ ವಾಕಿಂಗ್ ತಪ್ಪಿಸಿದಿರಾ? ಹಾಗಾದರೆ ಆ ಮಾತು ಒಳಗೆ ಬಂದುಬಿಟ್ಟಿದೆ. ಕೆಳಗಿನ ಹೆಜ್ಜೆಗಳೆಲ್ಲ ಅದನ್ನು ತಡೆಯೋಕೆ.

ಹೆಜ್ಜೆ 1: ಏನು ಹಾಕಲ್ಲ ಅಂತ ಮೊದಲೇ ತೀರ್ಮಾನ ಮಾಡಿ

ಏನು ಹಾಕಬೇಕು ಅನ್ನೋದು ಆಮೇಲೆ ತಾನಾಗೇ ಹೊಳೆಯುತ್ತದೆ. ಏನು ಹಾಕಬಾರದು ಅನ್ನೋದನ್ನು ಮಾತ್ರ ಇವತ್ತೇ, ತಲೆ ತಣ್ಣಗಿರುವಾಗ ಬರೆದಿಡಿ. ಒಂದು ಪೋಸ್ಟ್ ಓಡತೊಡಗಿದ ಮೇಲೆ ಆಸೆ ಜಾಸ್ತಿಯಾಗುತ್ತದೆ. ಇನ್ನೂ ಸ್ವಲ್ಪ ತೋರಿಸೋಣ ಅನ್ನಿಸುತ್ತದೆ.

ಒಳಉಡುಪಿನಲ್ಲಿ ತೆಗೆದ "ಮೊದಲು–ನಂತರ" ಫೋಟೊ ಬೇಡ. ನಾಚಿಕೆ ಪಡಬೇಕು ಅಂತ ಹೇಳುತ್ತಿಲ್ಲ. ಇಂಥ ಫೋಟೊಗಳನ್ನು ಪುಡಿ, ಕಷಾಯ ಮಾರುವವರು ಕದ್ದು ತಮ್ಮ ಜಾಹೀರಾತಿಗೆ ಅಂಟಿಸಿಕೊಳ್ಳುತ್ತಾರೆ. ಕೆಟ್ಟ ಮನಸ್ಸಿನವರ ಕೈಗೆ ಸಿಕ್ಕರೆ ಮಾರ್ಫ್ ಆಗುತ್ತದೆ. ಹಳೇ ಕುರ್ತಾ ಒಂದನ್ನೇ ಎರಡೂ ಫೋಟೊದಲ್ಲಿ ಹಾಕಿಕೊಳ್ಳಿ, ವ್ಯತ್ಯಾಸ ಚೆನ್ನಾಗಿಯೇ ಕಾಣುತ್ತದೆ. ಲ್ಯಾಬ್ ರಿಪೋರ್ಟ್ ತೋರಿಸುವುದಾದರೆ ಹೆಸರು, ಫೋನ್ ನಂಬರ್, ಆಸ್ಪತ್ರೆಯ ಐಡಿ, ಬಾರ್‌ಕೋಡ್ ಎಲ್ಲ ಮುಚ್ಚಿ. ಕಂಪನಿಯ ಟ್ಯಾಗ್ ಕುತ್ತಿಗೆಯಲ್ಲಿ ನೇತಾಡುತ್ತಿರುವ ಫೋಟೊ ಬೇಡ. ಕಾಮೆಂಟಲ್ಲಿ ಸೋತವನು ನಿಮ್ಮ ಎಚ್‌ಆರ್‌ಗೆ ಮೇಲ್ ಕಳಿಸೋದು ಈಗ ಹೊಸದೇನಲ್ಲ. ಮಕ್ಕಳನ್ನು ಈ ಕಥೆಗೆ ಎಳೆಯಲೇಬೇಡಿ.

ಜಾಗದ ವಿಷಯ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ದಿನಾ ಬೆಳಿಗ್ಗೆ 6ಕ್ಕೆ ಸ್ಯಾಂಕಿ ಕೆರೆ ಏರಿ ಮೇಲೆ ನಡೆಯುತ್ತೀರಿ, ಅದನ್ನೇ ದಿನಾ ಸ್ಟೋರಿಗೂ ಹಾಕುತ್ತೀರಿ ಅಂದರೆ, ನೀವು ಎಷ್ಟು ಹೊತ್ತಿಗೆ ಎಲ್ಲಿ ಸಿಗುತ್ತೀರಿ ಅಂತ ನಿಮ್ಮನ್ನು ಬೈಯುವವನಿಗೂ ಹೇಳಿಕೊಟ್ಟ ಹಾಗೆ. ವಾಕಿಂಗ್ ಮುಗಿಸಿ, ಮನೆಗೆ ಬಂದು, ತಿಂಡಿ ತಿಂದ ಮೇಲೆ ಹಾಕಿ. ಪಾರ್ಕ್ ಹೆಸರು ಹಾಕದಿದ್ದರೂ ನಡೆಯುತ್ತದೆ.

ತೂಕದ ಅಂಕಿ? ಹಾಕಲೇಬೇಕು ಅಂತೇನಿಲ್ಲ. ಉಪ್ಪು, ನೀರು, ಮುಟ್ಟಿನ ದಿನ, ಹಿಂದಿನ ರಾತ್ರಿಯ ಬಿಸಿಬೇಳೆಬಾತ್, ಇಷ್ಟಕ್ಕೇ ಒಂದೆರಡು ಕೆಜಿ ಮೇಲೆ ಕೆಳಗೆ ಆಗುತ್ತಿರುತ್ತದೆ. ದಿನಾ ಅಂಕಿ ಹಾಕಿದರೆ, ಒಂದು ಕೆಜಿ ಏರಿದ ದಿನ "ಅಯ್ಯೋ ಶುರುವಾಯ್ತು ನೋಡಿ" ಅನ್ನೋಕೆ ನೀವೇ ಮಾತು ಕೊಟ್ಟಂತೆ. ತಿಂಗಳಿಗೊಮ್ಮೆ ಸೊಂಟದ ಸುತ್ತಳತೆ ಹಾಕಿ. ಇಲ್ಲವೇ ಮೆಟ್ರೊ ಸ್ಟೇಷನ್ ಮೆಟ್ಟಿಲು ಏದುಸಿರಿಲ್ಲದೆ ಹತ್ತಿದ್ದನ್ನು ಬರೆಯಿರಿ. ಓದೋರಿಗೂ ಅದೇ ಹೆಚ್ಚು ಅರ್ಥವಾಗುತ್ತದೆ.

ಹೆಜ್ಜೆ 2: ಹೇಗೆ ಇಳಿಸಿದಿರಿ ಅನ್ನೋದರಲ್ಲಿ ಸುಳ್ಳು ಬೇಡ

ತೂಕ ಇಳಿಸೋಕೆ ಬಳಸುವ ಇಂಜೆಕ್ಷನ್‌ಗಳಲ್ಲಿ ಟಿರ್ಜೆಪಟೈಡ್ ಅನ್ನೋ ಔಷಧಿ ಇರುವ ಮೌಂಜಾರೊ 2025ರ ಮಾರ್ಚಲ್ಲಿ, ಸೆಮಾಗ್ಲುಟೈಡ್ ಇರುವ ವೆಗೋವಿ ಅದೇ ವರ್ಷ ಜೂನಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದವು. ಅಲ್ಲಿಂದೀಚೆಗೆ ಯಾರು ಸಣ್ಣಗಾದರೂ ಮೊದಲ ಅನುಮಾನ ಅದರ ಮೇಲೆಯೇ. ಡಾಕ್ಟರ್ ಬರೆದುಕೊಟ್ಟು ತಗೊಂಡಿದ್ದರೆ ಅದರಲ್ಲಿ ತಪ್ಪೇನೂ ಇಲ್ಲ, ಬೊಜ್ಜಿಗೆ ಅದೂ ಒಂದು ಚಿಕಿತ್ಸೆ. ಬೊಜ್ಜು ಇಳಿಸೋಕೆ ಮಾಡುವ ಬೇರಿಯಾಟ್ರಿಕ್ ಸರ್ಜರಿಯೂ ಹಾಗೆಯೇ. ಇದನ್ನು ಊರಿಗೆಲ್ಲ ಹೇಳಲೇಬೇಕು ಅನ್ನೋ ಕಾನೂನಿಲ್ಲ. "ಚಿಕಿತ್ಸೆಯ ವಿವರ ನನ್ನ ಮತ್ತು ನನ್ನ ಡಾಕ್ಟರ್ ನಡುವಿನದು" ಅಂದುಬಿಡಿ, ಸಾಕು.

ಆದರೆ ಇಂಜೆಕ್ಷನ್ ತಗೊಂಡು "ಬರೀ ರಾಗಿ ಮುದ್ದೆ, ಸೊಪ್ಪಿನ ಸಾರಲ್ಲೇ ಇಳಿಸಿದೆ" ಅಂತ ಬರೆದರೆ, ಆಮೇಲೆ ಬರುವ ಬೈಗುಳ ನ್ಯಾಯವಾದದ್ದೇ. ಅದನ್ನು ನಂಬಿ ತಿಂಗಳುಗಟ್ಟಲೆ ಮುದ್ದೆ ತಿಂದು ತೂಕ ಇಳಿಯದೆ ಕಂಗಾಲಾದವರು ಇರುತ್ತಾರೆ. ಅವರ ಸಿಟ್ಟಿಗೆ ಯಾವ ಸೆಟ್ಟಿಂಗ್ಸೂ ಮದ್ದಲ್ಲ.

ಹೆಜ್ಜೆ 3: ಫೋನಿನಲ್ಲೇ ಬೇಲಿ ಹಾಕಿ

ಇದಕ್ಕೆ ಒಂದು ಕಾಫಿ ಕುಡಿಯುವಷ್ಟು ಹೊತ್ತು ಸಾಕು. ಆದರೂ ಬಹಳ ಜನ ಮಾಡಲ್ಲ. ಮೊದಲ ಪೋಸ್ಟ್‌ಗೂ ಮುಂಚೆ ಮಾಡಿ.

ಇನ್‌ಸ್ಟಾಗ್ರಾಂನಲ್ಲಿ "ಹಿಡನ್ ವರ್ಡ್ಸ್" ಅಂತ ಒಂದು ಸೌಲಭ್ಯ ಇದೆ. ನೀವು ಕೊಟ್ಟ ಪದಗಳು ಇರುವ ಕಾಮೆಂಟ್ ಅಲ್ಲಿ ಕಾಣದ ಹಾಗೆ ಮರೆಯಾಗುತ್ತದೆ. ಆ್ಯಪ್ ತಾನಾಗೇ ಹಿಡಿಯೋದು ಹೆಚ್ಚಾಗಿ ಇಂಗ್ಲಿಷ್ ಬೈಗುಳ. ನಮ್ಮವರ "ಡುಮ್ಮಿ", "ದಡಿಯ", "ಗುಂಡಮ್ಮ", "ಎಮ್ಮೆ" ಎಲ್ಲ ಅದಕ್ಕೆ ಅಷ್ಟಾಗಿ ತಿಳಿಯಲ್ಲ. ಹಾಗಾಗಿ ಪದಗಳ ಪಟ್ಟಿ ನೀವೇ ಕೊಡಬೇಕು. ಕನ್ನಡ ಅಕ್ಷರದಲ್ಲಿ ಒಮ್ಮೆ ಹಾಕಿ, ಇಂಗ್ಲಿಷ್ ಅಕ್ಷರದಲ್ಲಿ ಮೂರು ನಾಲ್ಕು ಥರ ಹಾಕಿ. ಒಬ್ಬ ಒಂದು "ಎಂ" ಹಾಕಿ ಡುಮ್ಮಿ ಬರೆದರೆ ಇನ್ನೊಬ್ಬ ಎರಡು ಹಾಕುತ್ತಾನೆ. ಮತ್ತೊಬ್ಬ "ಯು" ಬದಲು ಎರಡು "ಓ" ಹಾಕುತ್ತಾನೆ. ಸಣ್ಣಗಾದ ಮೇಲೆ ಬರುವ ಪದಗಳನ್ನೂ ಸೇರಿಸಿ: ಕಡ್ಡಿ, ಒಣಕಲು, ಅಸ್ಥಿಪಂಜರ. ಆನೆ, ಹಂದಿ, ಎಮ್ಮೆಯ ಇಮೋಜಿಗಳನ್ನೂ ಪಟ್ಟಿಗೆ ಹಾಕಬಹುದು. ಪದ ಬರೆಯೋಕೂ ಸೋಮಾರಿಯಾದವರು ಬರೀ ಆನೆ ಹಾಕಿ ಹೋಗುತ್ತಾರೆ.

"ರಿಸ್ಟ್ರಿಕ್ಟ್" ಅನ್ನೋದು ಪರಿಚಯಸ್ಥರಿಗೆ ಹೇಳಿ ಮಾಡಿಸಿದ್ದು. ಆಫೀಸಿನ ಒಬ್ಬರನ್ನೋ, ಹಳೇ ಕ್ಲಾಸ್‌ಮೇಟ್ ಒಬ್ಬರನ್ನೋ ಬ್ಲಾಕ್ ಮಾಡಿದರೆ ಅದೇ ದೊಡ್ಡ ರಾಮಾಯಣ ಆಗುತ್ತದೆ. ರಿಸ್ಟ್ರಿಕ್ಟ್ ಮಾಡಿದರೆ ಅವರ ಕಾಮೆಂಟ್ ಅವರಿಗೆ ಮಾತ್ರ ಕಾಣುತ್ತದೆ, ನೀವು ಒಪ್ಪಿದರೆ ಮಾತ್ರ ಉಳಿದವರಿಗೆ. ಅವರ ಮೆಸೇಜ್ ರಿಕ್ವೆಸ್ಟ್ ಪೆಟ್ಟಿಗೆಗೆ ಹೋಗುತ್ತದೆ. ನೀವು ಓದಿದಿರೋ ಇಲ್ಲವೋ ಅವರಿಗೆ ತಿಳಿಯಲ್ಲ. ರಿಸ್ಟ್ರಿಕ್ಟ್ ಆಗಿರೋದಂತೂ ಗೊತ್ತೇ ಆಗಲ್ಲ.

ಒಂದು ರೀಲ್ ಇದ್ದಕ್ಕಿದ್ದ ಹಾಗೆ ಓಡಿ, ಎಲ್ಲಿಂದಲೋ ಜನ ನುಗ್ಗಿದರೆ, ನಿಮ್ಮನ್ನು ಫಾಲೋ ಮಾಡದವರ ಕಾಮೆಂಟ್‌ಗಳಿಗೆ ಕೆಲವು ದಿನ ತಡೆ ಹಾಕುವ "ಲಿಮಿಟ್" ಇದೆ. ಯೂಟ್ಯೂಬ್‌ನಲ್ಲಿ ಸ್ಟುಡಿಯೋ ಒಳಗೆ ಹೋದರೆ, ಅನುಮಾನದ ಕಾಮೆಂಟ್ ನೀವು ನೋಡುವವರೆಗೆ ತಡೆದಿಡಬಹುದು. ಬ್ಲಾಕ್ ಪದಗಳ ಪಟ್ಟಿ ಅಲ್ಲೂ ಇದೆ, ಒಬ್ಬ ವ್ಯಕ್ತಿಯನ್ನೇ ಚಾನೆಲ್‌ನಿಂದ ಮರೆ ಮಾಡುವ ದಾರಿಯೂ ಇದೆ. ಫೇಸ್‌ಬುಕ್‌ನಲ್ಲಿ ಪ್ರೊಫೈಲ್ ಲಾಕ್ ಮಾಡಿ. ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ "ಮೈ ಕಾಂಟ್ಯಾಕ್ಟ್ಸ್ ಎಕ್ಸೆಪ್ಟ್" ಆರಿಸಿ, ಯಾರನ್ನು ಬಿಡಬೇಕೋ ಬಿಡಿ. ಯಾರನ್ನು ಅಂತ ನಾನು ಹೇಳಬೇಕಾಗಿಲ್ಲ, ಅಲ್ವಾ?

ಹೆಜ್ಜೆ 4: ಓದುವ ಹೊತ್ತು ಗೊತ್ತು ಮಾಡಿಕೊಳ್ಳಿ

ನೋಟಿಫಿಕೇಶನ್ ಆಫ್ ಮಾಡಿ. ದಿನಕ್ಕೊಂದು ಸಲ, ಊಟ ಆದ ಮೇಲೆ ಓದಿ. ಊಟಕ್ಕೆ ಮುಂಚೆ ಬೇಡ, ಮಲಗುವ ಮುಂಚೆಯಂತೂ ಬೇಡವೇ ಬೇಡ. ಪೋಸ್ಟ್ ತುಂಬ ಓಡುತ್ತಿದ್ದರೆ ಫೋನ್ ತಂಗಿಗೋ ಗೆಳೆಯನಿಗೋ ಕೊಟ್ಟು, "ಇದರಲ್ಲಿ ನಾನು ನೋಡಲೇಬೇಕಾದ್ದು ಏನಾದರೂ ಇದ್ರೆ ಹೇಳು, ಉಳಿದದ್ದು ಅಳಿಸಿ ಹಾಕು" ಅನ್ನಿ. ಬೇರೆಯವರ ಬಗ್ಗೆ ಬರೆದ ಮಾತನ್ನು ಅಳಿಸೋಕೆ ಜನ ಯೋಚನೆ ಮಾಡಲ್ಲ. ತಮ್ಮ ಬಗ್ಗೆ ಬರೆದದ್ದನ್ನು ನಾಲ್ಕು ಸಲ ಓದಿ ಆಮೇಲೆ ಅಳಿಸುತ್ತಾರೆ.

ಹೆಜ್ಜೆ 5: ಯಾರು ಯಾಕೆ ಹೇಳಿದರು ಅಂತ ನೋಡಿ

ಎಲ್ಲ ಕಟು ಮಾತೂ ಒಂದೇ ಅಲ್ಲ. ಓದಿದ ತಕ್ಷಣ ಎಲ್ಲಾ ಒಂದೇ ಥರ ಉರಿಯುತ್ತದೆ ಅಷ್ಟೇ.

ಬರೀ ಚುಚ್ಚೋಕೆ ಬಂದವನನ್ನು ಗುರುತಿಸೋದು ಸುಲಭ. ಅವನ ಮಾತು ನಿಮ್ಮ ಮೈ ಮೇಲೆ ಇರುತ್ತದೆ, ನೀವು ಬರೆದ ವಿಷಯದ ಮೇಲಲ್ಲ. ಇದಕ್ಕೆ ಉತ್ತರ ಬೇಡ. ಅಳಿಸಿ, ಬ್ಲಾಕ್ ಮಾಡಿ, ಮುಂದೆ ಹೋಗಿ. "ಅಳಿಸಿದರೆ ಹೆದರಿದೆ ಅಂದುಕೊಳ್ಳುತ್ತಾರೆ" ಅಂತ ಕೆಲವರು ಹೇಳುತ್ತಾರೆ. ಅಂದುಕೊಳ್ಳಲಿ ಬಿಡಿ. ನಿಮ್ಮ ಮನೆ ಗೋಡೆ ಮೇಲೆ ಯಾರೋ ಗೀಚಿದ್ದನ್ನು ಒರೆಸೋಕೆ ಯಾರ ಅಪ್ಪಣೆ ಬೇಕು?

ಇನ್ನು ವ್ಯಾಪಾರದವರು. "ಇಷ್ಟು ಕಷ್ಟ ಯಾಕೆ ಪಟ್ರಿ, ನಮ್ಮ ಪೌಡರ್ ತಗೊಂಡ್ರೆ ಹದಿನೈದೇ ದಿನ" ಅಂತ ಬರೆದು ನಂಬರ್ ಬಿಟ್ಟು ಹೋಗುತ್ತಾರೆ. ಇದನ್ನು ಬೈಗುಳ ಅಂತ ಯಾರೂ ಲೆಕ್ಕಕ್ಕೆ ಇಡಲ್ಲ, ಆದರೆ ನಿಮ್ಮನ್ನು ನಂಬಿ ಬಂದವರಿಗೆ ಹೆಚ್ಚು ಅಪಾಯ ಇದರಿಂದಲೇ. ಬೊಜ್ಜು ವಾಸಿ ಮಾಡುತ್ತೇವೆ ಅಂತ ಔಷಧಿಯ ಜಾಹೀರಾತು ಕೊಡುವುದನ್ನು 1954ರ ಡ್ರಗ್ಸ್ ಆ್ಯಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯೇ ತಡೆಯುತ್ತದೆ. ಆ ಕಾಯ್ದೆಯ ಪಟ್ಟಿಯಲ್ಲಿ ಬೊಜ್ಜು ಕೂಡ ಇದೆ. ಅಂಥ ಕಾಮೆಂಟ್ ಒಂದನ್ನೂ ಉಳಿಸಬೇಡಿ.

"ನೀನೇನು ಅಷ್ಟು ದಪ್ಪ ಇರಲೇ ಇಲ್ಲ, ಸುಮ್ನೆ ನಾಟಕ" ಅನ್ನೋರು ಬೇರೆ. ಇವರಲ್ಲಿ ಅರ್ಧ ಜನಕ್ಕೆ ನಿಜವಾಗಿ ಗೊತ್ತಿರಲ್ಲ. ನಮ್ಮವರಿಗೆ ಹೊಟ್ಟೆ ಸುತ್ತ ಕೊಬ್ಬು ಬೇಗ ಸೇರುತ್ತದೆ, ಶುಗರ್ ಕೂಡ ಕಡಿಮೆ ತೂಕಕ್ಕೇ ಬರುತ್ತದೆ. ಅದಕ್ಕೇ ಭಾರತೀಯರಿಗೆ ಅಳತೆಯೂ ಬೇರೆ. ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿ ನೋಡುವ ತೂಕದ ಲೆಕ್ಕ, 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು. ಸೊಂಟ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90ರ ಒಳಗಿರಬೇಕು. ಇಷ್ಟನ್ನು ಒಂದು ಸಲ ಬರೆದು, ಪೋಸ್ಟ್‌ನ ಮೇಲೆ ಪಿನ್ ಮಾಡಿಬಿಡಿ. ಒಬ್ಬೊಬ್ಬರಿಗೂ ಹೇಳುವ ಕೆಲಸ ತಪ್ಪುತ್ತದೆ.

ಕೊನೆಗೆ, ಒರಟಾಗಿ ಹೇಳಿದರೂ ಸರಿಯಾದದ್ದನ್ನೇ ಹೇಳಿದವರು. ಇವರಿಗೇ ಒಂದು ಹೆಜ್ಜೆ ಮೀಸಲಿಡಬೇಕು.

ಹೆಜ್ಜೆ 6: ಮಾತಿನ ಧಾಟಿ ಬಿಡಿ, ವಿಷಯ ಸರಿಯಿದ್ದರೆ ತಿದ್ದಿ

"ಬುದ್ಧಿ ಇದ್ಯಾ ನಿನಗೆ? ಶುಗರ್ ಇರೋರು ಇದನ್ನ ಮಾಡಿದ್ರೆ ಏನಾಗುತ್ತೆ ಗೊತ್ತಾ?" ಹದಿನಾರು ಗಂಟೆ ಉಪವಾಸ ಮಾಡಿ ಇಳಿಸಿದೆ ಅಂತ ನೀವು ಹಾಕಿದ ಪೋಸ್ಟ್‌ಗೆ ಇಂಥ ಕಾಮೆಂಟ್ ಬಂದರೆ ಮೊದಲ ವಾಕ್ಯ ನುಂಗಿಕೊಂಡು ಎರಡನೆಯದನ್ನು ಓದಿ. ಇನ್ಸುಲಿನ್ ತಗೊಳ್ಳುವವರು, ಕೆಲವು ಬಗೆಯ ಶುಗರ್ ಮಾತ್ರೆ ನುಂಗುವವರು, ನಿಮ್ಮ ಹಾಗೆ ಹದಿನಾರು ಗಂಟೆ ಉಪವಾಸ ಮಾಡಿದರೆ ಶುಗರ್ ಇದ್ದಕ್ಕಿದ್ದಂತೆ ಕುಸಿದು ಬೆವರಿ ಬೀಳಬಹುದು. ನಿಮಗೆ ಒಗ್ಗಿದ್ದು ಅವರಿಗೆ ಆಸ್ಪತ್ರೆ ದಾರಿ. ನಮ್ಮ ಬೆಂಗಳೂರಲ್ಲಿ ಶುಗರ್ ಇಲ್ಲದ ಮನೆ ಹುಡುಕೋದೇ ಕಷ್ಟ. ಹಾಗಾಗಿ ಈ ಒಂದು ಎಚ್ಚರಿಕೆ ಯಾವ ಪೋಸ್ಟಲ್ಲೂ ತಪ್ಪಬಾರದು ಅಂತ ನನ್ನ ಅಭಿಪ್ರಾಯ.

ಬೇಗ ಇಳಿಸಿದ್ದರ ಬಗ್ಗೆ ಬೈದರೂ ಕೇಳಿಸಿಕೊಳ್ಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಕೆಳಗಿರುವ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ, ವಾರಕ್ಕೆ ಅರ್ಧ ಕೆಜಿ ಇಳಿಸೋದು ಸುರಕ್ಷಿತ ಅನ್ನುತ್ತದೆ. ತುಂಬ ಬೇಗ ಇಳಿಸಿದರೆ ಪಿತ್ತಕೋಶದಲ್ಲಿ ಕಲ್ಲು ಆಗುವ ಸಾಧ್ಯತೆ ಹೆಚ್ಚು. ಎರಡು ಮೂರು ತಿಂಗಳು ಕಳೆದ ಮೇಲೆ ಬಾಚಣಿಗೆ ತುಂಬ ಕೂದಲು ಬರಬಹುದು. "ಕೂದಲೆಲ್ಲ ಉದುರಿ ಹೋಗಿದೆ ನಿಂದು" ಅಂತ ಯಾರೋ ಆಡಿಕೊಂಡರೆ, ಆಡಿಕೊಂಡದ್ದು ತಪ್ಪು. ಆದರೆ ನಿಮ್ಮ ಊಟದಲ್ಲಿ ಕಾಳು, ಬೇಳೆ, ಮೊಟ್ಟೆ, ಮೊಸರು ಸಾಕಷ್ಟಿದೆಯಾ ಅಂತ ಅದೇ ವಾರ ಡಯಟಿಷಿಯನ್ ಹತ್ತಿರ ಕೇಳಿಬಿಡಿ.

ತಿದ್ದುವಾಗ ದೊಡ್ಡ ಕ್ಷಮಾಪಣೆ ಪತ್ರ ಬೇಡ. "ಈ ವಿಷಯ ಬಿಟ್ಟುಹೋಗಿತ್ತು, ಸೇರಿಸಿದ್ದೇನೆ. ಹೇಳಿದ್ದಕ್ಕೆ ಥ್ಯಾಂಕ್ಸ್." ಅಷ್ಟೇ. ಯಾವುದಾದರೂ ಕಂಪನಿಯಿಂದ ದುಡ್ಡೋ ಪುಕ್ಕಟೆ ಡಬ್ಬವೋ ತಗೊಂಡು ಬರೆದಿದ್ದರೆ, ಅದು ಜಾಹೀರಾತು ಅಂತ ಎದ್ದು ಕಾಣುವ ಹಾಗೆ ಹಾಕಬೇಕು. ಜಾಹೀರಾತು ಗುಣಮಟ್ಟ ಮಂಡಳಿ ಎಎಸ್‌ಸಿಐ 2021ರಲ್ಲೇ ಇದಕ್ಕೆ ನಿಯಮ ಮಾಡಿದೆ. ಕೇಳಿದ ಮೇಲೆ ಹೇಳಿದರೆ ಸಿಕ್ಕಿಬಿದ್ದ ಹಾಗೆ ಕಾಣುತ್ತದೆ.

ಹೆಜ್ಜೆ 7: ಉತ್ತರ ಕೊಡಲೇಬೇಕು ಅನ್ನಿಸಿದರೆ

ಮೊದಲು ನೋಟ್ಸ್‌ನಲ್ಲಿ ಬರೆಯಿರಿ, ಕಾಮೆಂಟ್ ಪೆಟ್ಟಿಗೆಯಲ್ಲಿ ಅಲ್ಲ. ಮಲ್ಲೇಶ್ವರದ ನನ್ನ ಗೆಳತಿಯೊಬ್ಬಳು ಲಾಲ್‌ಬಾಗ್ ಗಾಜಿನ ಮನೆ ಮುಂದೆ ನಿಂತ ಫೋಟೊ ಹಾಕಿದ್ದಳು. ಕೆಳಗೆ ಒಬ್ಬರು ಬರೆದರು: "ಅಕ್ಕ, ಕೆನ್ನೆ ಎಲ್ಲ ಒಳಗೆ ಹೋಗಿ ವಯಸ್ಸಾದ ಹಾಗೆ ಕಾಣ್ತೀರ. ಮುಂಚೆ ಲಕ್ಷಣವಾಗಿದ್ರಿ."

ಅವಳ ನೋಟ್ಸ್‌ನ ಮೊದಲ ಕರಡು: "ನಿಮ್ಮ ಮುಖ ಒಮ್ಮೆ ಕನ್ನಡಿಯಲ್ಲಿ ನೋಡ್ಕೊಳ್ಳಿ." ಬರೆಯೋಕೆ ಸುಖ, ಹಾಕಿದರೆ ಎರಡು ದಿನದ ಜಗಳ.

ಎರಡನೆಯದು: "ನನಗೆ ಬಿಪಿ ಇತ್ತು, ಮಂಡಿ ನೋವಿತ್ತು, ಡಾಕ್ಟರ್ ಹೇಳಿದ್ರು, ಅದಕ್ಕೇ ಮಾಡಿದ್ದು, ನಿಮಗೆ ಗೊತ್ತಿಲ್ಲ ನಾನು ಎಷ್ಟು ಕಷ್ಟ ಪಟ್ಟಿದ್ದೀನಿ ಅಂತ..." ಹೀಗೆ ಒಂದು ಪುಟ. ಇದು ಮೊದಲಿನದಕ್ಕಿಂತ ಅಪಾಯ. ಯಾರೋ ಅಪರಿಚಿತರ ಮುಂದೆ ತನ್ನ ಮೈ ಬಗ್ಗೆ ಲೆಕ್ಕ ಒಪ್ಪಿಸಿದ ಹಾಗಾಗುತ್ತದೆ. ಬಿಪಿ ವಿಷಯ ತಿಳಿದ ಮೇಲೆ ಅದರ ಬಗ್ಗೆಯೂ ನಾಲ್ಕು ಮಾತು ಬರುತ್ತದೆ.

ಕೊನೆಗೆ ಹಾಕಿದ್ದು: "ಮುಖದ ಕೊಬ್ಬೂ ಇಳಿಯುತ್ತೆ, ಅದು ಸಹಜ. ಈಗ ಮೆಟ್ಟಿಲು ಆರಾಮಾಗಿ ಹತ್ತುತ್ತೇನೆ, ನನಗೆ ಅದು ಖುಷಿ." ಅವರು ಮತ್ತೆ ಏನೋ ಬರೆದರು. ಇವಳು ಬರೆಯಲಿಲ್ಲ. ಒಂದು ಕಾಮೆಂಟ್‌ಗೆ ಒಂದೇ ಉತ್ತರ, ಎರಡನೆಯದು ಇಲ್ಲ ಅನ್ನೋ ನಿಯಮ ಇಟ್ಟುಕೊಂಡರೆ ಬಹಳ ಸಮಯ ಉಳಿಯುತ್ತದೆ. ಉತ್ತರ ಬರೆಯುವಾಗ ಆ ವ್ಯಕ್ತಿಯನ್ನು ಮರೆತು, ಮಾತಾಡದೆ ಓದಿಕೊಂಡು ಹೋಗುವ ನೂರಾರು ಜನರಿಗೆ ಬರೆಯಿರಿ. ಅವರಲ್ಲಿ ಇದೇ ದಾರಿಯಲ್ಲಿ ಅರ್ಧಕ್ಕೆ ನಿಂತವರು ಇರುತ್ತಾರೆ.

ಇನ್ನೊಂದು ಮಾತು. ಬೈದವರ ಪ್ರೊಫೈಲ್ ಸ್ಕ್ರೀನ್‌ಶಾಟ್ ಹಾಕಿ "ನೋಡಿ ಇವರ ಯೋಗ್ಯತೆ" ಅಂತ ಸ್ಟೋರಿ ಹಾಕಬೇಡಿ. ನಿಮ್ಮ ಕಡೆಯವರು ಹೋಗಿ ಅವರನ್ನು ಬೈಯುತ್ತಾರೆ, ಅವರ ಕಡೆಯವರು ಇಲ್ಲಿಗೆ ಬರುತ್ತಾರೆ. ತೂಕದ ಕಥೆ ಅಲ್ಲಿಗೆ ಮುಗೀತು.

ಹೆಜ್ಜೆ 8: ನೆಂಟರು

ಅಪರಿಚಿತರ ಹತ್ತು ಕಾಮೆಂಟ್ ಒಂದು ತೂಕ, ಫ್ಯಾಮಿಲಿ ಗ್ರೂಪಿನ ಒಂದು ಮಾತು ಒಂದು ತೂಕ. ಇವರನ್ನು ಬ್ಲಾಕ್ ಮಾಡೋಕಾಗಲ್ಲ, ನಾಳಿದ್ದು ಗೃಹಪ್ರವೇಶದಲ್ಲಿ ಎದುರಿಗೆ ಸಿಗುತ್ತಾರೆ. "ಶುಗರ್ ಬಂತಾ" ಅನ್ನೋ ಪ್ರಶ್ನೆಯಲ್ಲಿ ಒಂದಿಷ್ಟು ನಿಜವಾದ ಭಯವೂ ಇದೆ. ಏನೂ ಪ್ರಯತ್ನ ಮಾಡದೆ ತೂಕ ಇಳಿದರೆ ಅದು ಶುಗರ್, ಥೈರಾಯ್ಡ್, ಟಿಬಿ ಥರದ್ದರ ಲಕ್ಷಣ ಇರಬಹುದು. ಹಳಬರು ಅಂಥದ್ದನ್ನು ಮನೆಯಲ್ಲೇ ನೋಡಿರುತ್ತಾರೆ. ಹಾಗಾಗಿ ಇವರಿಗೆ ಮೊನಚಾದ ಉತ್ತರ ಬೇಡ.

"ಇಲ್ಲ ದೊಡ್ಡಮ್ಮ, ರಿಪೋರ್ಟ್ ಎಲ್ಲ ಸರಿ ಇದೆ, ನಾನೇ ಇಳಿಸಿದ್ದು. ನಿಮ್ಮ ಮಂಡಿ ನೋವು ಹೇಗಿದೆ ಈಗ?" ಇದಕ್ಕಿಂತ ಒಳ್ಳೆ ಉತ್ತರ ನನಗೆ ಕಂಡಿಲ್ಲ. ಮಂಡಿ ನೋವಿನ ಕಥೆ ಶುರುವಾದ ಮೇಲೆ ನಿಮ್ಮ ತೂಕ ಯಾರಿಗೂ ನೆನಪಿರಲ್ಲ. ಚಿಕ್ಕಪ್ಪನಿಗಾದರೆ ಇಪಿಎಫ್ ಪೆನ್ಶನ್ ಕೇಳಿ.

ನೆಂಟರ ಚುಚ್ಚು ಮಾತು ತಟ್ಟೆಗೇ ನೇರ ಬರೋದು ಹಬ್ಬದ ದಿನ. "ಇನ್‌ಸ್ಟಾಗ್ರಾಂ ಸ್ಟಾರ್ ಹೋಳಿಗೆ ತಿನ್ನಲ್ವಂತೆ" ಅಂತ ಪಂಕ್ತಿಯಲ್ಲೇ ಅಂದುಬಿಡುತ್ತಾರೆ. ಒಂದು ಹಾಕಿಸಿಕೊಳ್ಳಿ, ತುಪ್ಪದ ಜೊತೆ ತಿನ್ನಿ, ಎರಡನೆಯದಕ್ಕೆ ಎಲೆ ಮೇಲೆ ಕೈ ಅಡ್ಡ ಇಡಿ. ಒಂದು ಹೋಳಿಗೆಗೆ ಯಾರ ತೂಕವೂ ಏರಲ್ಲ. ತಿನ್ನದೆ ಕೂತರೆ ಮಾತು ಬೆಳೆಯುತ್ತದೆ, ಹಟಕ್ಕೆ ನಾಲ್ಕು ತಿಂದರೆ ಆ ಮಾತು ಗೆದ್ದ ಹಾಗೆ. ಮಾತು ಮತ್ತೆ ಮತ್ತೆ ಬರುತ್ತಿದ್ದರೆ, ಗ್ರೂಪಲ್ಲಿ ಅಲ್ಲ, ಅವರೊಬ್ಬರಿಗೇ ಫೋನ್ ಮಾಡಿ ಹೇಳಿ: "ಅತ್ತೆ, ಎಲ್ಲರ ಮುಂದೆ ನನ್ನ ಮೈ ಬಗ್ಗೆ ಮಾತಾಡಿದ್ರೆ ನನಗೆ ಬೇಜಾರಾಗುತ್ತೆ. ದಯವಿಟ್ಟು ಬೇಡ." ಎದುರುಬದುರು ಹೇಳಿದರೆ ಬಹಳ ಜನ ನಿಲ್ಲಿಸುತ್ತಾರೆ. ನಿಲ್ಲಿಸದವರಿಗೆ ಸ್ಟೇಟಸ್ ಕಾಣದ ಹಾಗೆ ಮಾಡೋದು ಇದ್ದೇ ಇದೆ.

ಹೆಜ್ಜೆ 9: ಬೈಗುಳ ದಾಟಿ ಬೆದರಿಕೆ ಆದರೆ

ಬರೀ ಒರಟು ಕಾಮೆಂಟ್‌ಗೆ ಪೊಲೀಸರ ಹತ್ತಿರ ಹೋದರೆ ಹೆಚ್ಚೇನೂ ಆಗಲ್ಲ. "ಆನ್‌ಲೈನ್‌ನಲ್ಲಿ ಬೈದರೆ 66ಎ ಹಾಕಿಸಬಹುದು" ಅಂತ ಈಗಲೂ ಹೇಳುವವರಿದ್ದಾರೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಆ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚಲ್ಲೇ ರದ್ದು ಮಾಡಿದೆ.

ಆದರೆ ಕೆಲವು ವಿಷಯ ಖಂಡಿತ ಅಪರಾಧ. ಬೇಡ ಅಂದರೂ ಹೆಣ್ಣುಮಗಳೊಬ್ಬಳ ಬೆನ್ನು ಬಿದ್ದು ಮೆಸೇಜ್ ಮಾಡೋದು, ಆನ್‌ಲೈನ್‌ನಲ್ಲಿ ಹಿಂಬಾಲಿಸೋದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 78ಕ್ಕೆ ಬರುತ್ತದೆ. ಹೊಡೆಯುತ್ತೇನೆ, ಮರ್ಯಾದೆ ತೆಗೆಯುತ್ತೇನೆ ಅಂತ ಬೆದರಿಸೋದು 351ಕ್ಕೆ. ಅಶ್ಲೀಲ ಚಿತ್ರ ಹರಡಿದರೆ ಐಟಿ ಕಾಯ್ದೆಯ 67 ಇದೆ.

ಹೀಗೇನಾದರೂ ಆದರೆ, ಬ್ಲಾಕ್ ಮಾಡುವ ಮುಂಚೆ ಸಾಕ್ಷಿ ತೆಗೆದಿಡಿ. ಸ್ಕ್ರೀನ್‌ಶಾಟ್‌ನಲ್ಲಿ ಯೂಸರ್‌ನೇಮ್, ದಿನಾಂಕ, ಸಮಯ ಕಾಣಬೇಕು. ಪೋಸ್ಟ್‌ನ ಲಿಂಕ್, ಪ್ರೊಫೈಲ್‌ನ ಲಿಂಕ್ ಎರಡನ್ನೂ ಕಾಪಿ ಮಾಡಿ ನಿಮಗೆ ನೀವೇ ಮೇಲ್ ಮಾಡಿಕೊಳ್ಳಿ. ಹೆಸರು ಬದಲಾಯಿಸಿಕೊಂಡು ಓಡುವವರು ಜಾಸ್ತಿ, ಬರೀ ಚಿತ್ರ ಸಾಲಲ್ಲ. ಆಮೇಲೆ ಆ್ಯಪ್‌ನಲ್ಲೇ ರಿಪೋರ್ಟ್ ಮಾಡಿ. ಕೇಳಲಿಲ್ಲ ಅಂದರೆ, 2021ರ ಐಟಿ ನಿಯಮದಂತೆ ಪ್ರತಿ ದೊಡ್ಡ ಆ್ಯಪ್‌ಗೂ ಭಾರತದಲ್ಲಿ ಕುಂದುಕೊರತೆ ಅಧಿಕಾರಿ ಇರಲೇಬೇಕು, ಅವರಿಗೆ ಬರೆಯಿರಿ. ಮಾರ್ಫ್ ಮಾಡಿದ ಫೋಟೊ, ನಿಮ್ಮ ಹೆಸರಿನ ನಕಲಿ ಅಕೌಂಟ್ ಇಂಥವನ್ನು ಬೇರೆ ದೂರುಗಳಿಗಿಂತ ಬೇಗ ತೆಗೆಯಬೇಕು ಅಂತ ಅದೇ ನಿಯಮದಲ್ಲಿದೆ.

ಪೊಲೀಸ್ ದೂರಿಗೆ ಸೈಬರ್‌ಕ್ರೈಂ ಡಾಟ್ ಗವ್ ಡಾಟ್ ಇನ್ ತಾಣ ಇದೆ. ಬೆಂಗಳೂರಲ್ಲಿ ಸೈಬರ್ ಅಪರಾಧ ನೋಡುವ ಪೊಲೀಸ್ ಠಾಣೆಗಳೂ ಇವೆ. ಯಾರೋ ಮನೆ ಹತ್ತಿರ, ಪಾರ್ಕ್ ಹತ್ತಿರ ಬಂದು ನಿಂತಿದ್ದಾರೆ ಅನ್ನಿಸಿದರೆ ಯೋಚನೆ ಮಾಡುತ್ತಾ ಕೂರಬೇಡಿ, 112ಕ್ಕೆ ಕರೆ ಮಾಡಿ. ಖಾಸಗಿ ಫೋಟೊ ಹರಡುವ ಭಯ ಇದ್ದರೆ ಸ್ಟಾಪ್‌ಎನ್‌ಸಿಐಐ ಡಾಟ್ ಆರ್ಗ್ ಅನ್ನೋ ಉಚಿತ ತಾಣ ಇದೆ. ಫೋಟೊ ನಿಮ್ಮ ಫೋನಲ್ಲೇ ಇರುತ್ತದೆ. ಅದರ ಡಿಜಿಟಲ್ ಗುರುತು ಮಾತ್ರ ಹೋಗಿ, ಈ ಯೋಜನೆಗೆ ಸೇರಿದ ಆ್ಯಪ್‌ಗಳಲ್ಲಿ ಅದು ಹರಡದಂತೆ ತಡೆಯೋಕೆ ಸಹಾಯವಾಗುತ್ತದೆ.

ಹೆಜ್ಜೆ 10: ಊಟ, ನಿದ್ದೆ ಕೆಡುತ್ತಿದ್ದರೆ

ಒಂದು ಹೊತ್ತು ಊಟ ಬಿಟ್ಟದ್ದನ್ನು ಮನೆಯವರಿಂದ ಮುಚ್ಚಿಡುತ್ತಿದ್ದೀರಾ? ತಿಂದದ್ದನ್ನು ವಾಂತಿ ಮಾಡಿಕೊಳ್ಳಬೇಕು ಅನ್ನಿಸುತ್ತಿದೆಯಾ? ದಿನಕ್ಕೆ ನಾಲ್ಕು ಸಲ ತೂಕ ನೋಡುತ್ತೀರಾ? ತೂಕ ಇಳಿದರೂ ಕನ್ನಡಿಯಲ್ಲಿ ಹಳೇ ಬೈಗುಳವೇ ಕಾಣುತ್ತಿದೆಯಾ? ಹಾಗಿದ್ದರೆ ಇದು ಕಾಮೆಂಟ್ ವಿಷಯ ಅಲ್ಲವೇ ಅಲ್ಲ. ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರಲ್ಲಿ ಶುರುವಾದ ಸರ್ಕಾರಿ ಸೇವೆ, ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಅದರ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್. ಫೋನ್ ಕೈಯಿಂದ ಬಿಡೋಕೇ ಆಗುತ್ತಿಲ್ಲ ಅನ್ನುವವರಿಗೆ ಅಲ್ಲೇ ಶಟ್ ಕ್ಲಿನಿಕ್ ಅಂತ ಬೇರೆ ವಿಭಾಗವೂ ಇದೆ. ಬ್ಯಾಂಕ್ ಕೆಲಸಕ್ಕೆ ರಜೆ ಹಾಕುವಷ್ಟೇ ಸಲೀಸಾಗಿ ಇದಕ್ಕೂ ಅರ್ಧ ದಿನ ರಜೆ ಹಾಕಿ.

ಹಂಚಿಕೊಳ್ಳೋದನ್ನು ನಡುವೆ ನಿಲ್ಲಿಸಿದರೂ ಏನೂ ತಪ್ಪಿಲ್ಲ. ಯಾರಿಗೂ ಕಾರಣ ಹೇಳುವ ವಿದಾಯದ ಪೋಸ್ಟ್ ಬೇಡ, ಅದಕ್ಕೂ ನೂರು ಕಾಮೆಂಟ್ ಬರುತ್ತವೆ. ಇನ್‌ಸ್ಟಾಗ್ರಾಂನಲ್ಲಿ ಪೋಸ್ಟ್ ಅಳಿಸುವ ಬದಲು ಆರ್ಕೈವ್ ಮಾಡಿ. ಹೊರಗಿನವರಿಗೆ ಕಾಣಲ್ಲ. ಫೋಟೊ, ಲೈಕು, ಒಳ್ಳೆ ಮಾತು ಬರೆದವರ ಕಾಮೆಂಟ್ ಎಲ್ಲ ನಿಮ್ಮ ಹತ್ತಿರ ಹಾಗೇ ಇರುತ್ತವೆ. ಆರು ತಿಂಗಳು ಬಿಟ್ಟು ಬೇಕು ಅನ್ನಿಸಿದರೆ ಮತ್ತೆ ತೋರಿಸಬಹುದು.